ಇನ್ನೂರು ವರ್ಷದ ಹಿಂದಿನ ಕುಬಸ

ನವೆಂಬರ್ ತಿಂಗಳು ಬಂದಿತೆಂದರೆ ಕನ್ನಡನಾಡಿನ ಶಾಲೆಗಳ ರಂಗದ ಮೇಲೆ ಕಿತ್ತೂರು ಚೆನ್ನಮ್ಮ ಒಮ್ಮೆಯಾದರೂ ಕಾಣಿಸಿಕೊಳ್ಳದೆ ಇರುವುದಿಲ್ಲ. ರಟ್ಟಿನ ಕತ್ತಿ, ಬೇಗಡೆ ಹಚ್ಚಿದ ಕಿರೀಟ, ಹಣೆಯ ತುಂಬ ಕುಂಕುಮ. ಮೈಮೇಲೆ ಆರು ಗಜದ ನುಣುಪಾದ ಸೀರೆ, ಅದರೊಳಗೆ ಲಾಡಿಯ ಲಂಗ, ಎದೆಯ ಅಳತೆಗೆ ಟಕ್ಸು ಹಿಡಿದು ಬೆನ್ನಿಗೆ ಕೊಕ್ಕೆಯಿಟ್ಟು ಹೊಲಿದ ರವಿಕೆ. ಥ್ಯಾಕರೆ ಸಾಹೇಬ ನೆಲಕ್ಕುರುಳುತ್ತಾನೆ. ಸಭೆ ಕೈ ತಟ್ಟುತ್ತದೆ. ರಂಗದ ಮೇಲೆ ನಡೆಯುತ್ತಿರುವುದು 1824ನೆಯ ಇಸವಿ. ಆ ಇಸವಿಯಲ್ಲಿ ಕೃಷ್ಣೆ ಮಲಪ್ರಭೆಯರ ಸೀಮೆಯ ರೈತಾಪಿ ಮನೆಗಳ ಹೆಂಗಸರ ಸೀರೆಯ ಕೆಳಗೆ ಲಾಡಿಯ ಲಂಗವಿರಲಿಲ್ಲ. ಬೆನ್ನಿನ ಮೇಲೆ ಕೊಕ್ಕೆಯೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಮುದುಕಿಯೊಬ್ಬಳಿಗೆ, ತನ್ನ ಅಜ್ಜಿಯ ಉಡುಗೆಯನ್ನು ಕಣ್ಣಾರೆ ಕಂಡಿದ್ದವಳಿಗೆ, ಈ ರಾಣಿಯನ್ನು ನೋಡಿ ನಗು ಬಂದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಶಾಲೆಯ ಮಕ್ಕಳನ್ನು ದೂರಿ ಫಲವೇನು? 1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿ ಬಿ. ಸರೋಜಾದೇವಿಯವರು ಅಭಿನಯಿಸಿದ ಚಲನಚಿತ್ರ ತೆರೆಗೆ ಬಂದಂದಿನಿಂದ ಅನೇಕರ ಕಣ್ಣಲ್ಲಿ ರಾಣಿಯ ರೂಪವೆಂದರೆ ಅದೇ ರೂಪ. ರಾಣಿಯ ಮಾತು ಹಾಗಿರಲಿ. ರಾಣಿಯರಿಗೆ ಚಿತ್ರಕಾರರಾದರೂ ಇರುತ್ತಾರೆ, ಬೊಕ್ಕಸದ ಲೆಕ್ಕವಾದರೂ ಇರುತ್ತದೆ. ಅದೇ 1824ರಲ್ಲಿ ಎಡೆದೊರೆ ನಾಡಿನ ನಡುವೆ, ದೇವದುರ್ಗದ ಸೀಮೆಯ ಅರಕೇರಾದಲ್ಲಿ, ಹೊಲಕ್ಕೆ ಬುತ್ತಿ ಹೊತ್ತು ನಡೆದ ಒಬ್ಬ ಸಾಮಾನ್ಯ ಹೆಣ್ಣುಮಗಳು ಏನು ಉಟ್ಟಿದ್ದಳು? ಒಳಗೆ ಏನಿತ್ತು, ಮೇಲೆ ಏನಿತ್ತು? ಯಾವ ನೂಲು, ಯಾವ ಬಣ್ಣ, ಯಾರ ಹೊಲಿಗೆ? ಆ ನಾಡು ಆಗ ನಿಜಾಮ ಸಿಕಂದರ್ ಜಾಹನ ಆಳ್ವಿಕೆಯಲ್ಲಿತ್ತು. ಯುದ್ಧ, ಒಪ್ಪಂದ, ಕಂದಾಯಗಳ ಕಾಗದಗಳು ಕಟ್ಟುಕಟ್ಟಾಗಿ ಉಳಿದವು. ಹೆಣ್ಣಿನ ಉಡುಗೆಯನ್ನು ಬರೆದಿಡಬೇಕೆಂದು ಯಾವ ಗುಮಾಸ್ತನಿಗೂ ತೋಚಲಿಲ್ಲ.

ಇಂಥ ಪ್ರಶ್ನೆಗಳನ್ನು ಹಿಡಿದು ವರ್ಷಗಟ್ಟಲೆ ಕೆಲಸ ಮಾಡುವವರು ಲೋಕದಲ್ಲಿ ಇದ್ದಾರೆ. ಇಂಗ್ಲೆಂಡಿನಲ್ಲಿ ಜಾನೆಟ್ ಆರ್ನಲ್ಡ್ ಎಂಬ ವಿದುಷಿ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಉಡುಪುಗಳ ಒಂದೊಂದು ಹೊಲಿಗೆಯನ್ನೂ ಅಳೆದು, ಅವುಗಳ ಕತ್ತರಿಕೆಯ ನಕ್ಷೆಗಳನ್ನು 1964ರಿಂದ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಹಿಲರಿ ಡೇವಿಡ್‌ಸನ್ ಎಂಬ ಇನ್ನೊಬ್ಬ ಸಂಶೋಧಕಿ, ಕಾದಂಬರಿಗಾರ್ತಿ ಜೇನ್ ಆಸ್ಟಿನ್ ತೊಟ್ಟಿದ್ದಳೆಂದು ನಂಬಲಾದ, 1812-14ರ ಸುಮಾರಿನ ರೇಷ್ಮೆಯ ಮೇಲಂಗಿಯೊಂದನ್ನು ಎಳೆ ಎಳೆಯಾಗಿ ಪರೀಕ್ಷಿಸಿ ಅದರ ಪ್ರತಿಕೃತಿಯನ್ನೇ ಹೊಲಿದು ನಿಲ್ಲಿಸಿದರು. ಆ ಕಾಲದ ಆಂಗ್ಲ ಸ್ತ್ರೀ ಮೈಗೆ ತಾಗಿ ನಾರುಬಟ್ಟೆಯ ಒಳನಿಲುವಂಗಿ ತೊಡುತ್ತಿದ್ದಳು. ಅದರ ಮೇಲೆ ಎದೆಯನ್ನು ಎತ್ತಿ ನಿಲ್ಲಿಸುವ ಬಿಗಿಗವಚ, ಅದರ ಮೇಲೆ ಒಳಲಂಗ, ಎಲ್ಲಕ್ಕೂ ಮೇಲೆ ಎದೆಯ ಕೆಳಗೇ ನಡು ಕಟ್ಟಿದ ತೆಳು ನಿಲುವಂಗಿ. ಆ ತೆಳುಬಟ್ಟೆಯ ಹುಚ್ಚನ್ನು ಅವರಿಗೆ ಹಿಡಿಸಿದ್ದು ಭಾರತದ ಮಸ್ಲಿನ್ ಎಂಬುದು ಬೇರೆ ಮಾತು. ಅವರಲ್ಲಿ ಸಂಶೋಧಕರ ಕೈಗೆ ಉಡುಪು ಸಿಕ್ಕಿತು. ಅರಕೇರಾದ ಹೆಣ್ಣುಮಗಳ ಉಡುಪು ಸಿಗುವುದಿಲ್ಲ, ಏಕೆಂದರೆ ಅದು ಪೆಟ್ಟಿಗೆಯಲ್ಲಿ ಉಳಿಯುವಂಥದಾಗಿರಲಿಲ್ಲ. ಸೀರೆ ಹಳತಾದರೆ ತೊಟ್ಟಿಲಿಗೆ ಜೋಳಿಗೆಯಾಯಿತು. ಜೋಳಿಗೆ ಹರಿದರೆ ಕೂಸಿನ ಅರಿವೆಯಾಯಿತು, ಹೆಂಗಸರ ತಿಂಗಳ ಬಟ್ಟೆಯಾಯಿತು. ಇನ್ನೂ ಗಟ್ಟಿಯಿದ್ದ ತುಂಡುಗಳು ಕೌದಿಯೊಳಗೆ ಸೇರಿದವು.

ಉಡುಪು ಉಳಿಯದ ಮೇಲೆ ಹುಡುಕತಕ್ಕದ್ದು ಎಲ್ಲಿ? ಮೊದಲು ಮಾತಿನಲ್ಲಿ. ಕನ್ನಡಿಗರು ಸೀರೆಯನ್ನು ಉಡುತ್ತಾರೆ, ಕುಪ್ಪಸವನ್ನು ತೊಡುತ್ತಾರೆ. ಸೀರೆಯನ್ನು ತೊಟ್ಟಳೆಂದರೆ ಕನ್ನಡ ಬಲ್ಲವರಿಗೆ ನಗೆ ಬರುತ್ತದೆ. ಕತ್ತರಿಸದೆ, ಹೊಲಿಯದೆ ಮೈಗೆ ಸುತ್ತಿಕೊಳ್ಳುವುದು ಉಡುಗೆ. ಕೈ ತೂರಿಸಿ ಹಾಕಿಕೊಳ್ಳುವುದು ತೊಡುಗೆ. ಇವೆರಡಕ್ಕೂ ಹಳೆಯ ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ. ಸೀರೆಯ ಒಳಗೆ ಇನ್ನೊಂದು ವಸ್ತ್ರವನ್ನು ಹೇಳುವ ಮಾತೋ, ಎಲ್ಲವೂ ಈಚಿನದು. ಒಳಉಡುಪೆಂಬುದು ಹೊಸದಾಗಿ ಕಟ್ಟಿದ ಪದ. ಪೆಟಿಕೋಟು ಆಂಗ್ಲರಿಂದ ಬಂದದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹುಡುಗಿಯರ ಲಂಗಕ್ಕೆ ಹೇಳುವ ಪರಕಾರವು ಮರಾಠಿಯ ನೆರೆಯಿಂದ ಬಂದದ್ದು. ಕುಪ್ಪಸ ಮಾತ್ರ ಬಹಳ ಹಳತು. ಸಂಸ್ಕೃತದ ಕೂರ್ಪಾಸವು ಕನ್ನಡದ ನಾಲಗೆಯಲ್ಲಿ ಕುಪ್ಪಸವಾಗಿ, ರಾಯಚೂರು ಸೀಮೆಯ ನಾಲಗೆಯಲ್ಲಿ ಕುಬಸವಾಗಿ ನಿಂತಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ, ಹಸಿರು ಬಳೆಗಳೊಂದಿಗೆ ಕುಪ್ಪಸದ ಬಟ್ಟೆ ಕೊಡುವ ಶಾಸ್ತ್ರದ ಹೆಸರೇ ಕುಬಸ. ಮಗಳಿಗೆ ಕುಬಸ ಮಾಡಿದೆವು ಎಂದರೆ ಬಂಧುಬಳಗಕ್ಕೆ ಎಲ್ಲವೂ ತಿಳಿಯುತ್ತದೆ. ತೊಡುವ ಬಟ್ಟೆಯೊಂದರ ಹೆಸರು ಹೆಣ್ಣಿನ ಬಾಳಿನ ಅಷ್ಟು ದೊಡ್ಡ ದಿನಕ್ಕೆ ಅಂಟಿಕೊಳ್ಳಬೇಕಾದರೆ ಆ ಬಟ್ಟೆ ನೆನ್ನೆ ಮೊನ್ನೆಯದಾಗಿರಲಾರದು.

ಹಾಗಾದರೆ ಒಳಗೆ ಏನೂ ಇಲ್ಲದೆ ಆ ಹೆಣ್ಣುಮಗಳು ಮಾನವಾಗಿ ಬಾಳಿದಳೇ? ಇಂದಿನ ಕಣ್ಣು ಕೇಳುವ ಈ ಪ್ರಶ್ನೆಯಲ್ಲೇ ತಪ್ಪಿದೆ. ಒಳಉಡುಪು ಇತ್ತು, ಅದು ಸೀರೆಯ ಒಳಗೇ ಇತ್ತು. ಹಿಂದಿನ ಸೀರೆ ಎಂಟು ಗಜ, ಒಂಬತ್ತು ಗಜ. ಅದರ ಮೊದಲ ಸುತ್ತು ನಡುವನ್ನೂ ತೊಡೆಯನ್ನೂ ಬಳಸಿ ಗಂಟಿನಲ್ಲಿ ನಿಲ್ಲುತ್ತದೆ, ಅದೇ ಒಳವಸ್ತ್ರ. ಎರಡನೆಯ ಸುತ್ತು ಮೇಲುವಸ್ತ್ರ. ಕಚ್ಚೆ ಹಾಕುವ ಹೆಂಗಸರು ನಿರಿಗೆಯ ಬಟ್ಟೆಯನ್ನು ಕಾಲುಗಳ ನಡುವೆ ಹಿಂದಕ್ಕೆ ಎಳೆದು ನಡುವಿನ ಹಿಂಭಾಗದಲ್ಲಿ ಸಿಕ್ಕಿಸುತ್ತಾರೆ. ಕಳೆ ಕೀಳುವಾಗ ಬಗ್ಗಬೇಕು, ಬಾವಿಯ ಮೆಟ್ಟಿಲು ಇಳಿಯಬೇಕು, ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತುಕೊಳ್ಳಬೇಕು. ಇಷ್ಟೆಲ್ಲ ದುಡಿಮೆಯಲ್ಲಿ ಎಲ್ಲಿಯೂ ಮೈ ತೋರದಂತೆ, ಎಲ್ಲಿಯೂ ಕಾಲಿಗೆ ತೊಡರದಂತೆ ಆ ಸೀರೆ ನಿಲ್ಲುತ್ತಿತ್ತು. ಅದಕ್ಕೆ ಲಾಡಿಯ ಆಸರೆ ಬೇಕಿರಲಿಲ್ಲ. ಇಂದಿನ ಆರು ಗಜದ ಸೀರೆಯಾದರೋ ಲಂಗದ ಲಾಡಿಯಿಲ್ಲದೆ ಕ್ಷಣಮಾತ್ರ ನಿಲ್ಲಲಾರದು. ಅದರ ನಿರಿಗೆಯನ್ನು ಸಿಕ್ಕಿಸುವುದೇ ಆ ಲಾಡಿಗೆ. ಉದ್ದದಲ್ಲಿ ಕಡಿಮೆಯಾದ ಎರಡು ಮೂರು ಗಜವು ಲಂಗವಾಗಿ ಕೆಳಗೆ ಹೋಗಿ ಸೇರಿಕೊಂಡಿತೆಂದರೆ ಲೆಕ್ಕ ಸರಿಹೋಗುತ್ತದೆ.

ಈ ಬದಲಾವಣೆಯ ಕಾಲವನ್ನೂ ಹೇಳಬಹುದು. ಬಂಗಾಳದ ಸತ್ಯೇಂದ್ರನಾಥ ಠಾಕೂರರು ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದ ಮೊದಲ ಭಾರತೀಯರು. ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು. ಅವರ ಪತ್ನಿ ಜ್ಞಾನದಾನಂದಿನಿ ದೇವಿಯವರು 1860ರ ದಶಕದಲ್ಲಿ ಮುಂಬಯಿಯಲ್ಲಿದ್ದಾಗ ಪಾರಸಿ ಸ್ತ್ರೀಯರ ಉಡುಗೆಯನ್ನು ಕಂಡು, ಒಳಲಂಗ ಮತ್ತು ರವಿಕೆಗಳೊಡನೆ ಸೀರೆ ಉಡುವ ಹೊಸ ಬಗೆಯನ್ನು ಓದುಬರಹ ಬಲ್ಲ ಮನೆಗಳಲ್ಲಿ ಬಳಕೆಗೆ ತಂದರು. ಪಟ್ಟಣಗಳಲ್ಲಿ ಬೇರೂರಿದ ಆ ಬಗೆ ಹಳ್ಳಿಗಳಿಗೆ ಇಳಿದು ಬರಲು ಬಹುಕಾಲ ಹಿಡಿಯಿತು. ಹಾಗಿರುವಲ್ಲಿ 1824ರ ಪಾತ್ರಕ್ಕೆ ಲಂಗ ತೊಡಿಸುವುದೆಂದರೆ ಅವಳ ಕೈಗೆ ಗಡಿಯಾರ ಕಟ್ಟಿದಂತೆ.

ಎಲ್ಲ ಹೆಂಗಸರೂ ಕಚ್ಚೆ ಹಾಕುತ್ತಿದ್ದರೆಂದೂ ತಿಳಿಯಬಾರದು. 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರುಗಳಲ್ಲಿ ಧಾರವಾಡ, ವಿಜಾಪುರ ಜಿಲ್ಲೆಗಳ ಸಂಪುಟಗಳು ಒಂದೊಂದು ಜಾತಿಯ ಉಡುಗೆಯನ್ನೂ ಬೇರೆ ಬೇರೆಯಾಗಿ ಹೇಳುತ್ತವೆ. ಕೆಲವರು ಸೆರಗಿನ ಕೆಳಬಟ್ಟೆಯನ್ನು ಕಾಲುಗಳ ನಡುವೆ ಹಿಂದಕ್ಕೆ ಒಯ್ಯುತ್ತಾರೆ. ಲಿಂಗಾಯತ ಹೆಂಗಸರು ಹಾಗೆ ಒಯ್ಯದೆ ಪಾದದವರೆಗೆ ಇಳಿಬಿಡುತ್ತಾರೆ. ಮೇಲೆ ಗಿಡ್ಡತೋಳಿನ, ಬೆನ್ನು ಮುಚ್ಚುವ, ಎದೆಯ ಕೆಳಗೆ ಗಂಟು ಹಾಕುವ ಕುಪ್ಪಸ. ವೈದಿಕ ಮನೆಯ ವಿಧವೆಯರಿಗೆ ಆ ಕುಪ್ಪಸವೂ ಇರಲಿಲ್ಲ. ಉಡುಗೆಯ ಚರಿತ್ರೆ ಬರೆಯಹೊರಟವರು ಅಂದಚೆಂದಗಳ ನಡುವೆ ಈ ಒಂದು ಸಾಲನ್ನೂ ಬರೆಯಲೇಬೇಕಾಗುತ್ತದೆ. ಅದೇ ನೆಲದಲ್ಲಿ, ಊರಿನಾಚೆಯ ತಾಂಡಾದಲ್ಲಿ, ಲಂಬಾಣಿ ಹೆಂಗಸರದು ಬೇರೆಯೇ ಲೋಕ: ನೆರಿಗೆ ತುಂಬಿದ, ಹೊಲಿದ ಪೇಟಿಯಾ, ಬೆನ್ನಿನಲ್ಲಿ ದಾರದಿಂದ ಕಟ್ಟುವ ಕಾಂಚಳಿ, ಕನ್ನಡಿ ಚೂರುಗಳ ಕಸೂತಿ. ಎತ್ತುಗಳ ಮೇಲೆ ದವಸ ಹೇರಿ ಸೈನ್ಯಗಳ ಹಿಂದೆ ದಖ್ಖನವನ್ನೆಲ್ಲ ಸುತ್ತಿದ ಜನ ಅವರು. ಊರೊಳಗಿನ ಹೆಣ್ಣು ಹೊಲಿಯದ ಬಟ್ಟೆ ಉಟ್ಟಾಗ ಊರ ಹೊರಗಿನ ಹೆಣ್ಣು ಅಡಿಯಿಂದ ಮುಡಿಯವರೆಗೆ ಸೂಜಿಯ ಕೆಲಸವನ್ನೇ ತೊಟ್ಟಿದ್ದಳು.

ಈಗ ಬಟ್ಟೆಯ ವಿಚಾರ. ಅರಕೇರಾದ ಪಡುವಣಕ್ಕೆ ಇಳಕಲ್ಲು, ಅದಕ್ಕೂ ಆಚೆ ಗುಳೇದಗುಡ್ಡ; ಮೂಡಣಕ್ಕೆ ಕೃಷ್ಣೆಯ ಆಚೆ ನಾರಾಯಣಪೇಟೆ, ಈಚೆ ಗದ್ವಾಲ. ಮಗ್ಗದ ಊರುಗಳ ನಡುವೆ ಹತ್ತಿಯ ಹೊಲಗಳ ಸೀಮೆ ಇದು. ಇಂದಿಗೂ ದೇವದುರ್ಗದ ಸುತ್ತ ಕಾರ್ತಿಕದ ಹೊತ್ತಿಗೆ ಹತ್ತಿಯೊಡೆದ ಹೊಲಗಳು ಬೆಳ್ಳಗೆ ಕಾಣುತ್ತವೆ. ಇನ್ನೂರು ವರ್ಷದ ಹಿಂದಿನ ಸೀರೆಯನ್ನು ಮತ್ತೆ ನೇಯಬೇಕೆಂಬವನು ಆ ಬಿಳುಪನ್ನು ಕಂಡು ಹಿಗ್ಗಬಾರದು. ಆ ಹತ್ತಿ ಆ ಸೀರೆಯ ಹತ್ತಿಯಲ್ಲ. 1824ರ ಹೊಲದಲ್ಲಿದ್ದದ್ದು ಗಿಡ್ಡ ಎಳೆಯ ಜವಾರಿ ಹತ್ತಿ. 1840ರ ದಶಕದಲ್ಲಿ ಧಾರವಾಡದ ಸೀಮೆಗೆ ಅಮೆರಿಕದ ಬೀಜ ಬಂದಿತು, 2002ರಲ್ಲಿ ಬಿ.ಟಿ. ಹತ್ತಿಗೆ ಸರಕಾರದ ಒಪ್ಪಿಗೆ ದೊರೆತ ಮೇಲೆ ಜವಾರಿ ಬೀಜ ರೈತನ ಗುಡಾಣದಿಂದ ಬಹುಮಟ್ಟಿಗೆ ಮರೆಯಾಯಿತು. ನೂಲಿನ ಕಥೆಯೂ ಹಾಗೆಯೇ. ಇಂಗ್ಲೆಂಡಿನ ಗಿರಣಿಗಳ ನೂಲು ಭಾರತಕ್ಕೆ ಹೇರಳವಾಗಿ ಬರತೊಡಗಿದ್ದು 1820ರ ದಶಕದಿಂದ. ಅದಕ್ಕೆ ಮುಂಚಿನ ಸೀರೆಯ ಎಳೆ ಎಳೆಯೂ ಯಾವಳೋ ಒಬ್ಬಳು ರಾಟೆಯ ಮುಂದೆ ಕುಳಿತು ತೆಗೆದದ್ದು. ಅದರಲ್ಲಿ ದಪ್ಪ ಸಣ್ಣದ ಏರಿಳಿತ ಇದ್ದೇ ಇರುತ್ತದೆ. ಗಿರಣಿಯ ನೂಲಿನಿಂದ ನೇಯ್ದ ನುಣ್ಣನೆಯ ಬಟ್ಟೆ ಎಷ್ಟೇ ಹಳೆಯ ವಿನ್ಯಾಸವನ್ನು ಹೊತ್ತರೂ ಮೈಮೇಲೆ ಬೇರೆಯಾಗಿಯೇ ಬೀಳುತ್ತದೆ. ಕೈನೂಲಿನ ಸೀರೆಗೆ ತೂಕವುಂಟು, ಒರಟುತನವುಂಟು. ಲಾಡಿಯಿಲ್ಲದೆ ಬರಿಯ ಗಂಟಿನಿಂದ ಅದು ನಡುವಿನಲ್ಲಿ ನಿಲ್ಲುತ್ತಿದ್ದ ಗುಟ್ಟಿನಲ್ಲಿ ಆ ಒರಟುತನಕ್ಕೂ ಪಾಲಿದೆ.

ಬಣ್ಣದಲ್ಲಿ ಮೋಸಹೋಗುವುದು ಇನ್ನೂ ಸುಲಭ. ನೇರಿಳೆ, ಕಡುಗುಲಾಬಿ ಬಣ್ಣಗಳ ಹಳೆಯ ಸೀರೆಯೊಂದನ್ನು ತೋರಿಸಿ ಇದು ನಮ್ಮ ಮುತ್ತಜ್ಜಿಯ ಮುತ್ತಜ್ಜಿಯದೆಂದು ಯಾರಾದರೂ ಹೇಳಿದರೆ ನಂಬುವ ಮೊದಲು ಎರಡು ಇಸವಿಗಳನ್ನು ನೆನೆಯಬೇಕು. ಪರ್ಕಿನ್ ಎಂಬ ಆಂಗ್ಲ ತರುಣ ಕಲ್ಲಿದ್ದಲಿನ ಟಾರಿನಿಂದ ಮೊದಲ ಕೃತಕ ನೇರಿಳೆಯನ್ನು ತೆಗೆದದ್ದು 1856ರಲ್ಲಿ. ಜರ್ಮನಿಯ ಕಾರ್ಖಾನೆಯ ಕೃತಕ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಅದಕ್ಕೆ ಮುಂಚೆ ಬಣ್ಣವೆಂದರೆ ಗಿಡ, ಬೇರು, ಹೂ, ಸಿಪ್ಪೆ. ನೀಲಿಯ ಎಲೆಯನ್ನು ಕೊಳೆಯಿಸಿ ತೆಗೆದ ಬಣ್ಣವನ್ನು ಹುದುಗಿನ ಗುಡಾಣದಲ್ಲಿಟ್ಟು ನೂಲನ್ನು ಅದ್ದುತ್ತಿದ್ದರು. ಮೇಲೆತ್ತಿದಾಗ ನೂಲು ಹಸಿರಾಗಿರುತ್ತದೆ. ಗಾಳಿ ತಾಗಿದಂತೆ ನೋಡನೋಡುತ್ತ ನೀಲಿಗೆ ತಿರುಗುತ್ತದೆ. ಆ ಕಸುಬಿನವರ ನೆನಪು ಇಂದಿಗೂ ನೀಲಗಾರ ಎಂಬ ಅಡ್ಡಹೆಸರಿನಲ್ಲಿದೆ. ಕೆಂಪಿಗೆ ಮದ್ದಿಯ ಬೇರು. ಪಟಿಕದ ನೀರಿನಲ್ಲಿ ನೂಲನ್ನು ಮೊದಲೇ ಪಳಗಿಸದಿದ್ದರೆ ಅದು ಕಚ್ಚದು. ಅಳಲೆಕಾಯಿಗೆ ಕಬ್ಬಿಣ ಕೂಡಿದರೆ ಕಪ್ಪು. ದಾಳಿಂಬೆಯ ಸಿಪ್ಪೆಯಿಂದ ಮಾಸಲು ಹಳದಿ. ಇಂದು ಎಣ್ಣೆಗಾಗಿಯೇ ಬೆಳೆಯುವ ಕುಸುಬಿಯ ಹೂವಿನಿಂದ ಆಗ ಕಣ್ಣು ಕೋರೈಸುವ ಕೆಂಪು ಬರುತ್ತಿತ್ತು. ಆ ಕೆಂಪು ಬಿಸಿಲಿಗೂ ಒಗೆತಕ್ಕೂ ನಿಲ್ಲದು. ಹೊಲದ ಸೀರೆಗೆ ತಕ್ಕದ್ದಲ್ಲ. ದಿನಬಳಕೆಯ ಸೀರೆ ನೀಲಿ, ಮದ್ದಿಯ ಕೆಂಪು, ಕಪ್ಪು, ಬಿಳುಪುಗಳ ಆಚೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಇಳಕಲ್ಲಿನ ಸೀರೆಯ ಒಡಲು ಕಡುಬಣ್ಣದ್ದಾಗಿ ಸೆರಗು ಕೆಂಪಾಗಿರುವುದಕ್ಕೆ ಬೇರು ಇಂಥ ಬಣ್ಣಗಾರಿಕೆಯಲ್ಲಿಯೇ ಇದ್ದೀತು.

ಆ ಇಳಕಲ್ ಸೀರೆಯ ಜಾಣ್ಮೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿ, ಎಳೆಗೆ ಎಳೆಯನ್ನು ಕೊಂಡಿಯಾಗಿ ಸಿಕ್ಕಿಸಿ ಒಂದೇ ಬಟ್ಟೆಯಾಗಿ ನೇಯುತ್ತಾರೆ. ದುಬಾರಿಯಾದ ರೇಷ್ಮೆ ಕಣ್ಣಿಗೆ ಕಾಣುವ ಸೆರಗಿಗಷ್ಟೇ; ನಡುವಿಗೆ ಸುತ್ತುವ ಏಳೆಂಟು ಗಜಕ್ಕೆ ಊರ ಹತ್ತಿ. ಬಡವಳ ಮದುವೆಯ ಸೀರೆಯನ್ನು ಇಷ್ಟು ಲೆಕ್ಕಹಾಕಿ ನೇಯ್ದವರಿಗೆ ಅವಳ ಮನೆಯ ಜಮಾಖರ್ಚು ಚೆನ್ನಾಗಿ ಗೊತ್ತಿದ್ದಿರಬೇಕು.

ಕುಬಸಕ್ಕೆ ಬರೋಣ. ಇಡೀ ಉಡುಗೆಯಲ್ಲಿ ಕತ್ತರಿ ತಾಗಿದ್ದು ಇದೊಂದಕ್ಕೇ. ಗುಳೇದಗುಡ್ಡದ ಕುಣಿಮಗ್ಗಗಳಲ್ಲಿ ಇದಕ್ಕೆಂದೇ ನೇಯುವ ಖಣವೆಂಬ ಬಟ್ಟೆ ಕಿರಿದಾದ ಪನ್ನದ್ದು. ಎರಡು ಬದಿಗೂ ಅಂಚು, ನಡುವೆ ಹೆಚ್ಚುವರಿ ಹಾಸಿನ ಎಳೆಗಳಿಂದ ಎದ್ದುಬರುವ ತೇರು, ಆನೆಹೆಜ್ಜೆ ಮೊದಲಾದ ಚಿಕ್ಕ ಚಿಕ್ಕ ಕುರುಹುಗಳು. ಒಬ್ಬ ಹೆಂಗಸಿಗೆ ಬೇಕಾದದ್ದು ಉದ್ದದಲ್ಲಿ ಒಂದು ಮೊಳಕ್ಕೆ ತುಸು ಹೆಚ್ಚಾದ ತುಂಡು. ಅಷ್ಟರಲ್ಲಿಯೇ ಬೆನ್ನು, ಎರಡು ಎದೆಭಾಗ, ಎರಡು ತೋಳು ಹೊರಡಬೇಕು, ಚೂರೂ ಕೆಡಬಾರದು, ಅಂಚುಗಳು ಬೀಳಬೇಕಾದಲ್ಲಿಯೇ, ತೋಳಿನ ತುದಿಗೂ ನಡುವಿನ ಸುತ್ತಿಗೂ ಬೀಳಬೇಕು. ಕತ್ತರಿಸುವವನು ತುಂಡುಗಳನ್ನು ನೇರವಾಗಿಯೂ ಓರೆಯಾಗಿಯೂ ಮಡಿಸಿ ಇದನ್ನು ಸಾಧಿಸುತ್ತಾನೆ. ಕಂಕುಳಿಗೆ ಬೇರೆ ಬಣ್ಣದ ಚಿಕ್ಕ ಚೌಕದ ತುಂಡೊಂದನ್ನು ಓರೆಯಾಗಿ ಕೂಡಿಸುತ್ತಾರೆ. ಅದೇನು ಅಲಂಕಾರವೇ? ಅಲ್ಲ. ತೋಳನ್ನು ಮೇಲಕ್ಕೆತ್ತಿದಾಗ ಬಟ್ಟೆ ಹರಿಯದಂತೆ ಎಡೆಗೊಡುವುದು ಆ ತುಂಡು. ಮೊದಲು ಬೆವರು ತಿಂದು ಸವೆಯುವುದೂ ಅದೇ; ಅದನ್ನಷ್ಟೇ ಬಿಚ್ಚಿ ಹೊಸದನ್ನು ಕೂಡಿಸಿದರೆ ಕುಬಸ ಇನ್ನೆರಡು ವರ್ಷ ಬಾಳುತ್ತದೆ. ಟಕ್ಸಿಲ್ಲ, ಗುಂಡಿಯಿಲ್ಲ, ಕೊಕ್ಕೆಯಿಲ್ಲ. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿದರೆ ಆಯಿತು. ಬಸುರಿಯಾದರೆ ಗಂಟು ಸಡಿಲಾಗುತ್ತದೆ, ಬಾಣಂತಿಗೆ ಕೂಸಿಗೆ ಹಾಲುಣಿಸಲು ಬಿಚ್ಚಿಕೊಳ್ಳುತ್ತದೆ, ಬರಗಾಲದಲ್ಲಿ ಮೈ ಇಳಿದರೆ ಮತ್ತೆ ಬಿಗಿಯಾಗುತ್ತದೆ. ಆಂಗ್ಲ ಸ್ತ್ರೀಯ ಬಿಗಿಗವಚ ಮೈಯನ್ನು ತನ್ನ ಆಕಾರಕ್ಕೆ ತಂದುಕೊಳ್ಳುತ್ತಿದ್ದ ಕಾಲದಲ್ಲಿ ಇಲ್ಲಿಯ ಗಂಟು ಮೈಯ ಆಕಾರಕ್ಕೆ ತಾನು ಒಗ್ಗಿಕೊಳ್ಳುತ್ತಿತ್ತು.

ಹೊಲಿಗೆಯೆಲ್ಲ ಕೈಯದು. ಹೊಲಿಗೆ ಯಂತ್ರದಿಂದ ಮನೆಮಾತಾದ ಸಿಂಗರನು ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದೇ 1851ರಲ್ಲಿ. ಊರಿನ ಸಿಂಪಿಗ, ಇಲ್ಲವೇ ಸೂಜಿ ಬಲ್ಲ ಮನೆಯ ಮುದುಕಿ, ಈ ಕೆಲಸ ಮಾಡಿಕೊಡುತ್ತಿದ್ದರು. ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರಲ್ಲವೆ? ಅವರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣನವರ ಹೆಸರಿನ ಮೊದಲ ಪದವೇ ಈ ಕಸುಬಿನದು. ಉತ್ತರ ಕರ್ನಾಟಕದ ಹೆಂಗಸರ ಹಾಡುಗಳಲ್ಲಿ ತವರಿನ ಸೀರೆ, ಅಣ್ಣ ತಂದ ಕುಪ್ಪಸ ಮತ್ತೆ ಮತ್ತೆ ಬರುತ್ತವ��. ಉಡುಪಿನ ಶೋಧಕರು ಅವುಗಳನ್ನು ಕಾವ್ಯವೆಂದು ಮೆಚ್ಚಿ ಮುಂದೆ ಹೋಗದೆ, ಬಣ್ಣ ಅಂಚುಗಳ ಹೆಸರನ್ನು ಪಟ್ಟಿಮಾಡಿಕೊಳ್ಳುತ್ತ ಓದುವುದು ಒಳ್ಳೆಯದು.

ಚಿತ್ರಗಳ ನೆರವು? ಇದೆ, ಆದರೆ ಅರಮನೆಯದು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಶ್ ಚಿತ್ರಕಾರ ಮೈಸೂರಿನಲ್ಲಿ ಮೂವರು ಸ್ತ್ರೀಯರ ಎಣ್ಣೆವರ್ಣದ ಚಿತ್ರ ಬರೆದ. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ತಿಳಿಯಲಾಗಿತ್ತು. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಅಂತಃಪುರದವರು, ದೇವಜಮ್ಮಣ್ಣಿ ಎಂಬ ಒಂದೇ ಹೆಸರಿನ ಇಬ್ಬರು ರಾಣಿಯರು ಅವರಲ್ಲಿದ್ದಾರೆ ಎಂದು ಚರಿತ್ರಕಾರ ನೈಜೆಲ್ ಚಾನ್ಸಲರ್ ವಾದಿಸಿದರು. ಕಿರಿಯ ರಾಣಿ ಸೀರೆಯ ಸೆರಗನ್ನು ಕೈಯಿಂದ ಸರಿಸಿ ಹಿಡಿದಿರುವುದು ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡ ತೋಳನ್ನು ತೋರಿಸುವುದಕ್ಕೆಂಬುದು ಅವರ ವಿವರಣೆ. ಉಡುಗೆಯ ದೃಷ್ಟಿಯಿಂದ ಆ ಚಿತ್ರ ಅಮೂಲ್ಯ. ಹಾಗೆಂದು ಮೈಸೂರಿನ ಅರಮನೆಯ ಸೀರೆಯನ್ನು ದೇವದುರ್ಗದ ಹೊಲದ ಹೆಂಗಸಿಗೆ ಉಡಿಸುವಂತಿಲ್ಲ. ಬಟ್ಟೆಯ ಮಟ್ಟಿಗೆ ಹೆಚ್ಚು ಉಪಯುಕ್ತವಾದದ್ದು ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿ 1866ರಲ್ಲಿ ಸಿದ್ಧಪಡಿಸಿದ ಸಂಗ್ರಹ. ಭಾರತದ ನಾನಾ ಕಡೆಯ 700 ಬಟ್ಟೆಗಳ ನಿಜವಾದ ತುಂಡುಗಳನ್ನೇ ಅಂಟಿಸಿದ 18 ಸಂಪುಟಗಳು. ಅಂಥ 20 ಪ್ರತಿಗಳು. ಇಲ್ಲಿಯ ನೇಕಾರನ ಬಟ್ಟೆಯನ್ನು ಕಂಡು ಅಲ್ಲಿಯ ಗಿರಣಿಗಳು ನಕಲು ಮಾಡಲೆಂದು ಹೊರಟ ಆ ಸಂಪುಟಗಳು ಇಂದು ನೇಕಾರನ ಮೊಮ್ಮಕ್ಕಳಿಗೆ ಪಾಠವಾಗುತ್ತಿವೆ. ಉಡುವ ಬಗೆಗಳನ್ನು ಬರೆದಿಟ್ಟವರು ತೀರ ಈಚಿನವರು: ಶಾಂತಾಲ್ ಬುಲಾಂಜೆ ಎಂಬ ಫ್ರೆಂಚ್ ವಿದುಷಿ 1997ರಲ್ಲಿ ಸಚಿತ್ರ ಕೈಪಿಡಿಯೊಂದನ್ನು ತಂದರು, ಋತಾ ಕಪೂರ್ ಚಿಸ್ತಿಯವರು ದೇಶವನ್ನೆಲ್ಲ ಸುತ್ತಿ 108 ಬಗೆಯ ಉಡುವಿಕೆಗಳನ್ನು ದಾಖಲಿಸಿದರು.

ಇಷ್ಟೆಲ್ಲ ತಿಳಿದ ಮೇಲೆ ಕಳೆದುಹೋದ ಸೀರೆಯನ್ನು ಮಗ್ಗದ ಮೇಲೆ ಮರಳಿ ತರಬಹುದೇ? ಗಜೇಂದ್ರಗಡದಲ್ಲಿ ಅದು ನಡೆದಿದೆ. ಪಟ್ಟೇದ ಅಂಚು ಎಂಬ ಸೀರೆ ಉತ್ತರ ಕರ್ನಾಟಕದ ದುಡಿಯುವ ಹೆಂಗಸರ ಗಟ್ಟಿ ಹತ್ತಿಯ ಸೀರೆ. ಒಡಲ ತುಂಬ ಚಿಕ್ಕ ಚೌಕುಳಿ, ಬದಿಗೆ ಅಗಲವಾದ ಒಂದೇ ಬಣ್ಣದ ಪಟ್ಟೆಯಂಚು. ಸವದತ್ತಿಯ ಎಲ್ಲಮ್ಮನ ಭಕ್ತಿಯೊಂದಿಗೂ ಅದಕ್ಕೆ ನಂಟಿತ್ತು. ಕಾಲಕ್ರಮದಲ್ಲಿ ಆ ಸೀರೆ ಮಗ್ಗದಿಂದ ಇಳಿದುಹೋಗಿತ್ತು. ಜವಳಿ ಸಂಶೋಧಕಿ ಹೇಮಲತಾ ಜೈನ್ ಅವರು ಅದರ ಜಾಡು ಹಿಡಿದು ಹಳ್ಳಿ ಹಳ್ಳಿ ಅಲೆದು, ಮುದುಕಿಯರ ಬಳಿ ಉಳಿದಿದ್ದ ಹಳೆಯ ಬಟ್ಟೆಯನ್ನು ಆಧಾರವಾಗಿಟ್ಟುಕೊಂಡು ಗಜೇಂದ್ರಗಡದ ನೇಕಾರರಿಂದ ಮತ್ತೆ ನೇಯಿಸಿದರು. ‘ಪುನರ್ಜೀವನ’ ಎಂಬ ಹೆಸರಿನಲ್ಲಿ ಆ ಕೆಲಸವನ್ನು ಮುಂದುವರಿಸಿದರು. ಇಂದು ಅದನ್ನು ಉಡುವವರಲ್ಲಿ ಬೆಂಗಳೂರು, ದಿಲ್ಲಿಗಳ ಕಛೇರಿಗಳಿಗೆ ಹೋಗುವ ಹೆಂಗಸರೇ ಹೆಚ್ಚು. ಹೊಲದ ಹೆಂಗಸಿಗೆ ಅಗ್ಗದ ಪಾಲಿಯೆಸ್ಟರ್ ಸೀರೆ ಸಾಕಾಗಿದೆ. ಇದನ್ನು ಕೊಂಕಾಗಿ ಹೇಳುವವರೂ ಇದ್ದಾರೆ. ಕೊಂಕು ನುಡಿಯುವ ಮೊದಲು ಮಗ್ಗ ಮತ್ತೆ ಓಡಿದ್ದನ್ನು ಎಣಿಸಬೇಕು. ಮೇಲಾಗಿ ನೇಕಾರನಿಗೆ ಕೂಲಿ ತರುವುದು ಕೊಳ್ಳುವವಳ ಕಾಸು. ಅವಳು ಯಾವ ಊರಿನವಳೆಂಬುದನ್ನು ಮಗ್ಗ ಕೇಳುವುದಿಲ್ಲ.

ಸೀರೆಗೆ ಇಷ್ಟಾದರೂ ಆಯಿತು. ಗಂಟಿನ ಕುಬಸದ ಪಾಡು ಹೀಗಿಲ್ಲ. ಖಣ ಉಳಿದಿದೆ, ಏಕೆಂದರೆ ಉಡಿ ತುಂಬುವ ಶಾಸ್ತ್ರಕ್ಕೆ ಅದು ಬೇಕೇ ಬೇಕು. ದೇವಿಗೂ ಮುತ್ತೈದೆಗೂ ತ್ರಿಕೋನವಾಗಿ ಮಡಿಸಿದ ಖಣ ಕೊಡದೆ ಹಬ್ಬ ಮುಗಿಯದು. ಈಚೆಗೆ ಖಣದಿಂದ ಕೈಚೀಲ, ದಿಂಬಿನ ಗವಸು, ಗಂಡಸರ ಅಂಗಿಗಳೂ ಬಂದಿವೆ. ಉಳಿಯದೆ ಹೋಗುತ್ತಿರುವುದು ಕತ್ತರಿಕೆ. ಮೊಳದಷ್ಟು ಬಟ್ಟೆಯಲ್ಲಿ ಒಂದು ಚೂರೂ ಕೆಡದಂತೆ ಕುಬಸ ಹೊರಡಿಸುವ ಲೆಕ್ಕ ಯಾವ ಪುಸ್ತಕದಲ್ಲಿಯೂ ಮನೆಮಾತಾಗಿಲ್ಲ. ಅದು ವಯಸ್ಸಾದ ಸಿಂಪಿಗರ ಬೆರಳಿನಲ್ಲಿದೆ, ಈಗಲೂ ಗಂಟಿನ ಕುಬಸವನ್ನೇ ತೊಡುವ ಮುದುಕಿಯರ ಮೈಮೇಲಿದೆ. ಅಂಥ ಮುದುಕಿ ತೀರಿಕೊಂಡ ಮನೆಯಲ್ಲಿ ವರ್ಷ ತುಂಬುವುದರೊಳಗೆ ಅವಳ ಬಟ್ಟೆಗಳು ಕೌದಿಗೆ ಹೋಗುತ್ತವೆ. ಕೌದಿ ಹೊಲಿಯುವವಳು ಮೊದಲು ಮಾಡುವ ಕೆಲಸವೇ ಹೊಲಿಗೆಗಳನ್ನು ಬಿಚ್ಚಿ ಬಟ್ಟೆಯನ್ನು ಚಪ್ಪಟೆಯಾಗಿ ಹರಡಿ ಚೌಕವಾಗಿ ಕತ್ತರಿಸುವುದು. ಉತ್ತರ ಕರ್ನಾಟಕದ ಹಳೆಯ ಕೌದಿಯೊಂದರ ಪದರುಗಳನ್ನು ಎಬ್ಬಿಸಿ ನೋಡಿದರೆ ಒಳಗೆ ಇನ್ನೂ ಹಳೆಯ ಬಟ್ಟೆಯ ಪದರು ಸಿಗುವುದುಂಟು. ಹೆಂಗಸರ ಬಟ್ಟೆಗೆ ಆ ಸೀಮೆಯಲ್ಲಿ ವಸ್ತುಸಂಗ್ರಹಾಲಯವೆಂದು ಯಾವುದಾದರೂ ಇದ್ದರೆ ಅದು ಮನೆಮನೆಯ ಹಾಸಿಗೆಯ ಮೇಲಿರುವ ಈ ಕೌದಿಯೇ. ನೂಲು, ಬಣ್ಣ, ಕುರುಹುಗಳನ್ನು ಅದು ಕಾಪಾಡುತ್ತದೆ. ಕತ್ತರಿಕೆಯ ಆಕಾರವನ್ನು ಅಳಿಸಿಹಾಕುತ್ತದೆ.

ಆದುದರಿಂದ ಕೆಲಸ ನಡೆಯಬೇಕಾದದ್ದು ಕೌದಿಗೆ ಮುಂಚೆ. ಅದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಅರಕೇರಾದಲ್ಲಿಯೋ ಮಾನ್ವಿಯಲ್ಲಿಯೋ ರಾಯಚೂರಿನ ಓಣಿಯೊಂದರಲ್ಲಿಯೋ, ಅಜ್ಜಿಯ ಹಳೆಯ ಕುಬಸ ಗೂಟಕ್ಕೆ ತೂಗುತ್ತಿರುವ ಮನೆಯ ಕಾಲೇಜು ಓದುವ ಮೊಮ್ಮಗಳು ಅದನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ಪಡೆದರೆ ಸಾಕು. ಮೊದಲು ಅಜ್ಜಿಗೆ ಅದನ್ನು ತೊಡಲು ಹೇಳಿ ಗಂಟು ಯಾವ ತುದಿಯಿಂದ ಸುತ್ತಿ ಯಾವ ಕಡೆಗೆ ಬೀಳುತ್ತದೆಂದು ನೋಡಿಕೊಳ್ಳಬೇಕು. ಸೀರೆಯ ಮೊದಲ ಸುತ್ತು ಎಡದಿಂದಲೋ ಬಲದಿಂದಲೋ ಎಂದು ಬರೆದುಕೊಳ್ಳಬೇಕು. ಆಮೇಲೆ ಸೂಜಿಯ ಮೊನೆಯಿಂದ ಒಂದೇ ಬದಿಯ ಹೊಲಿಗೆಯನ್ನು ಬಿಚ್ಚಿ, ಎದೆಯ ತುಂಡು, ತೋಳು, ಕಂಕುಳ ಚೌಕ, ಬೆನ್ನಿನ ಅರ್ಧಭಾಗಗಳನ್ನು ಹಳೆಯ ಪತ್ರಿಕೆಯ ಹಾಳೆಯ ಮೇಲೆ ಹರಡಿ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಅಂಚು ಯಾವ ಬದಿಗಿತ್ತು, ಎಳೆ ನೇರವೋ ಓರೆಯೋ ಎಂಬುದನ್ನು ಬಾಣದ ಗುರುತಿನಿಂದ ತೋರಿಸಿ, ಹೊಲಿದವರ ಹೆಸರನ್ನೂ ಖಣ ಕೊಂಡ ಸಂತೆಯ ಹೆಸರನ್ನೂ ಅಜ್ಜಿಯ ಬಾಯಿಂದಲೇ ಕೇಳಿ ಹಾಳೆಯ ಮೂಲೆಯಲ್ಲಿ ಬರೆದಿಡಬೇಕು. ಸಂಜೆಯಾಗುವುದರೊಳಗೆ ಬಿಚ್ಚಿದ ಬದಿಯನ್ನು ಅದೇ ಸೂಜಿತೂತುಗಳಲ್ಲಿ ಮತ್ತೆ ಹೊಲಿದು, ಕುಬಸವನ್ನು ಅಜ್ಜಿಯ ಕೈಗೆ ಹಿಂದಿರುಗಿಸಬೇಕು.